ಜಮಾಲನ ಹೆಸರಿಗೆ ಮುಲಾಮು

ಗಂಡನ ಹೆಸರು ಹೆಂಡತಿಯ ಮೈಗೆ ಒಗ್ಗುವುದಿಲ್ಲವೆಂದರೆ ಯಾವ ಗಂಡಸಿಗೆ ತಾನೇ ಉರಿಯುವುದಿಲ್ಲ? ಸುಡಾನಿನ ಒಮ್‌ದುರ್ಮಾನ್ ಪೇಟೆಯ ಅರ್ಧ ಅಂಗಡಿಗಳ ಬೋರ್ಡು ಬರೆದ ಜಮಾಲನಿಗಂತೂ ಅಡಿಯಿಂದ ಮುಡಿಯವರೆಗೆ ಉರಿಯಿತು. (ನಿಜವಾಗಿ ಉರಿಯುತ್ತಿದ್ದದ್ದು ಹೆಂಡತಿ ಇಖ್ಲಾಸಳ ತೋಳು. ಅದನ್ನು ಕೇಳುವವರಾರು?)

ನಾದಿನಿಯ ಮದುವೆ ಬಂದಿತ್ತು. ಷಡ್ಡಕನ ಹೆಸರು ಅವನ ಹೆಂಡತಿಯ ಅಂಗೈಯಲ್ಲಿ ಇರುವೆಯಷ್ಟಿದ್ದರೆ ತನ್ನದು ತೋಳಿನುದ್ದಕ್ಕೂ ಇರಬೇಕು, ಚಪ್ಪರದ ಆಚೆ ತುದಿಗೂ ಕಾಣಬೇಕು ಎಂದು ಹಟ ಹಿಡಿದವನು ಜಮಾಲನೇ. ಮದರಂಗಿಯವಳು ಬೇಡಬೇಡವೆಂದರೂ ತಲೆಗೂದಲಿಗೆ ಹಚ್ಚುವ ಕಪ್ಪು ಪುಡಿ ಬೆರೆಸುವಂತೆ ಮಾಡಿದ. "ನಡುವಿನ ಅಲಿಫ್ ಅಕ್ಷರ ನೆಟ್ಟಗೆ ನಿಲ್ಲಲಿ, ಮಿನಾರಿನ ಹಾಗೆ!" ಎಂದು ಅಪ್ಪಣೆ ಬೇರೆ.

ನಾಲ್ಕೈದು ದಿನಕ್ಕೆ ಕಪ್ಪು ಉದುರಿ, ಅದೇ ಜಾಗದಲ್ಲಿ ಹೆಸರು ಕೆಂಪಗೆ ಊದಿಕೊಂಡಿತು. ಕುರುಡನೂ ಕೈಯಾಡಿಸಿ ಓದಬಹುದಿತ್ತು.

"ರೀ, ಇಷ್ಟು ವರ್ಷ ನೀವು ತಲೆ ತಿಂದದ್ದು ಸಾಲ್ದು ಅಂತ ಈಗ ನಿಮ್ಮ ಹೆಸರೂ ಕಡೀತಾ ಇದೆ!"

ಔಷಧಿ ಅಂಗಡಿಯ ತಹಾನಿ ಕಾರ್ಟಿಸೋನ್ ಮುಲಾಮು ಕೊಟ್ಟಳು. ಜಮಾಲ ಸಿಡುಕಿದ: "ನನ್ನ ಹೆಸರಲ್ಲಿ ಏನಮ್ಮಾ ತಪ್ಪು?"

"ತಪ್ಪು ಬಣ್ಣದ್ದು ಅಣ್ಣಾ. ಚರ್ಮ ಅದನ್ನ ಶತ್ರು ಅಂತ ತಿಳಿದು ಬೊಬ್ಬೆ ಹಾಕಿದೆ. ಮೈಯ ಕಾವಲುಗಾರರೆಲ್ಲ ಓಡಿ ಬಂದಿದಾರೆ. ರಕ್ತನಾಳಗಳು ಬಾಗಿಲು ಹಾರು ಹೊಡೆದು ನೀರು ಬಿಟ್ಟಿವೆ. ಅದಕ್ಕೇ ಈ ಊತ, ಬಿಸಿ, ಕೆಂಪು. ಮುಲಾಮು ಒಳಗಿಳಿದು ಬೊಬ್ಬೆ ನಿಲ್ಲಿಸುತ್ತೆ, ಬಂದೋರನ್ನ ವಾಪಸ್ ಕಳಿಸುತ್ತೆ, ನಾಳಗಳನ್ನ ಬಿಗಿ ಮಾಡುತ್ತೆ. ಊದಿರೋ ಕಡೆಯೆಲ್ಲ ತೆಳ್ಳಗೆ ಹಚ್ಚಿ."

"ಹಾಗಾದ್ರೆ ಹೆಸರು?"

"ಜಗಳ ಹೋದ್ಮೇಲೆ ಹೆಸರೆಲ್ಲಿ ಉಳಿಯುತ್ತೆ?"

ಮದುವೆಗೆ ಮೊದಲೇ ತನ್ನ ನಾಮಧೇಯವನ್ನು ನಿರ್ನಾಮ ಮಾಡುವ ಮುಲಾಮೇ! ಜಮಾಲ ಟ್ಯೂಬನ್ನು ತನ್ನ ಜೇಬಿನಲ್ಲೇ ಬಂಧನದಲ್ಲಿಟ್ಟ.

ಮನೆಗೆ ಬಂದು ಹೆಂಡತಿಯನ್ನು ಕೇಳಿದ: "ಯಾವ ಅಕ್ಷರ ಜಾಸ್ತಿ ಉರೀತಿದೆ?"

"ಇನ್ಯಾವುದು? ನಿಮ್ಮ ಮಿನಾರು."

"ಅದೊಂದಕ್ಕೇ ಹಚ್ತೀನಿ. ಉಳಿದದ್ದಕ್ಕೆ ಮದುವೆ ಮುಗಿದ್ಮೇಲೆ."

"ಅಲ್ಲೀವರೆಗೆ ನಾನು ಕೆರ್ಕೊಂಡು ಸಾಯ್ಲಾ?"

"ಗಂಡನ ಹೆಸರು ಕಣೇ! ಅಷ್ಟೂ ತಡ್ಕೊಳ್ಳೋಕಾಗಲ್ವಾ?"

ಇಖ್ಲಾಸ್ ಅವನನ್ನೊಮ್ಮೆ, ತೋಳನ್ನೊಮ್ಮೆ ನೋಡಿದಳು. ಯಾಕೋ ನಗು ತಡೆದುಕೊಂಡಂತಿತ್ತು. "ಸರಿ, ನಿಮ್ಮ ಕೈಯಾರೆ ನೀವೇ ಹಚ್ಚಿ," ಎಂದು ತೋಳು ಚಾಚಿದಳು.

ಮುಲಾಮು ತನ್ನ ಕೆಲಸ ಚೊಕ್ಕಟವಾಗಿ ಮಾಡಿತು. ಮದುವೆಯ ದಿನ ಚಪ್ಪರದ ನಟ್ಟನಡುವೆ ಜಮಾಲನೇ ಹೆಂಡತಿಯ ಸೆರಗು ಸರಿಸಿ ತೋಳೆತ್ತಿ ತೋರಿಸಿದ. ಅತ್ತೆ ಕನ್ನಡಕ ಏರಿಸಿ, ಎಲ್ಲರಿಗೂ ಕೇಳುವಂತೆ ಓದಿದರು:

"ಜ... ಮ... ಲ್."

ಅರಬ್ಬಿಯಲ್ಲಿ ಜಮಾಲ್ ಎಂದರೆ ಚೆಲುವು. ನಡುವಿನ ಅಲಿಫ್, ಅಂದರೆ ಆ ದೀರ್ಘ, ಬಿದ್ದುಹೋದರೆ ಉಳಿಯುವುದು ಜಮಲ್. ಅಂದರೆ ಒಂಟೆ.

ಚಪ್ಪರ ಗೊಳ್ಳೆಂದಿತು.

"ಸಾಕಿದ್ದೋ ಭಾವ, ಮಾರೋಕೋ?" ಎಂದ ಷಡ್ಡಕ.

"ಅಮ್ಮಾ, ಚೆಲುವನ್ನ ವಾಸಿ ಮಾಡಿದ್ದು ಇವರೇ!" ಎಂದಳು ಇಖ್ಲಾಸ್.

ಉಳಿದ ಅಕ್ಷರಗಳನ್ನೂ ಅಳಿಸೋಣವೆಂದರೆ ಟ್ಯೂಬು ಮನೆಯಲ್ಲಿತ್ತು. ಜಮಾಲ ಬುಸುಗುಟ್ಟುತ್ತ ಚಪ್ಪರದ ಬೀದಿಯ ಔಷಧಿ ಅಂಗಡಿಗೆ ನುಗ್ಗಿದ. "ಕಾರ್ಟಿಸೋನ್ ಕೊಡಿ! ಈಗಲೇ!"

ಗುರುತಿಲ್ಲದ ಮುದುಕ ನಿಧಾನವಾಗಿ ಕೇಳಿದ: "ಯಾರಿಗಪ್ಪಾ?"

ಕಿವಿಯಲ್ಲಿನ್ನೂ ನಗೆ ಮೊಳಗುತ್ತಿತ್ತು. "ಒಂಟೆಗೆ!" ಎಂದು ಅರಚಿಬಿಟ್ಟ.

ಮುದುಕ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದ.

"ಪ್ರಾಣಿಗಳ ಔಷಧಿ ಎದುರುಗಡೆ. ಪರವಾಗಿಲ್ಲ, ನಡ್ಕೊಂಡೇ ಹೋಗಬಹುದು."