ಮಾವನ ಸೊರ್ರಿಗೆ ಜಪಾನಿನ ಸರ್ಟಿಫಿಕೇಟು

ನಮ್ಮ ಸೋದರಮಾವ ಸಾರು ಕುಡಿಯಲು ಕೂತರೆ, ಚನ್ನಪಟ್ಟಣದ ಬಸ್ಸು ಬಂತೆಂದು ಹೊಂಗನೂರಿನ ಜನ ಚೀಲ ಎತ್ತಿಕೊಳ್ಳುತ್ತಾರೆ! ಉತ್ಪ್ರೇಕ್ಷೆ ಎನ್ನುತ್ತೀರಾ? ಇರಬಹುದು. ಆದರೆ ಒಮ್ಮೆ ನಾನೇ ಚೀಲ ಎತ್ತಿಕೊಂಡು ರಸ್ತೆಗೆ ಬಂದಿದ್ದೇನೆ.

ಬಟ್ಟಲನ್ನು ತುಟಿಗಿಟ್ಟು, ಕಣ್ಣು ಮುಚ್ಚಿ, ಉಸಿರು ಒಳಗೆಳೆದು ಅವರು ಹೊರಡಿಸುವ ಆ 'ಸೊರ್ರ್ರ್' ಇದೆಯಲ್ಲ, ಅದಕ್ಕೆ ಪಲ್ಲವಿ ಉಂಟು, ಚರಣ ಉಂಟು, ಕೊನೆಗೆ 'ಹಾ' ಎಂಬ ಮಂಗಳವೂ ಉಂಟು. ಮದುವೆಮನೆಗಳಲ್ಲಿ ಅವರ ಎಡಬಲದ ಎಲೆ ಸದಾ ಖಾಲಿ. ಬಡಿಸುವವರಿಗೆ ಮಾತ್ರ ಅವರೆಂದರೆ ಅಚ್ಚುಮೆಚ್ಚು. ರಸಂ ಮುಗಿದದ್ದು ಅಡಿಗೆಮನೆಗೇ ಕೇಳಿಸುತ್ತದಲ್ಲ!

ಈ ಕಲೆಗೆ ಇದ್ದ ಏಕೈಕ ವಿಮರ್ಶಕಿ ನಮ್ಮತ್ತೆ. ಮದುವೆಯಾದಾಗಿನಿಂದ ಸೊರ್ರಿಗೊಂದು ಬೈಗುಳ. "ಸದ್ದು ಮಾಡ್ಬ್ಯಾಡಿ ಅಂದ್ನಲ್ಲ! ಕೊಟ್ಟಿಗೇಲಿರೋ ಎಮ್ಮೆ ವಾಸಿ!" ಮಾವ ಅದಕ್ಕೆಲ್ಲ ಸೊಪ್ಪು ಹಾಕಿದವರಲ್ಲ. ಆದರೆ ಹೊಸ ಬೀಗರು ಊಟಕ್ಕೆ ಬಂದ ದಿನ, ಬೀಗಿತ್ತಿ ಬೆಚ್ಚಿ ತಟ್ಟೆ ಬಿಟ್ಟೆದ್ದಾಗ, ಅತ್ತೆ ತೀರ್ಪು ಕೊಟ್ಟೇಬಿಟ್ಟರು: "ಈ ಸದ್ದು ನಿಲ್ಲೋಗಂಟ ನನ್ ಪಕ್ಕ ಊಟಕ್ಕೆ ಕುಂತ್ಕೋಬ್ಯಾಡಿ!"

ಅಂದಿನಿಂದ ಮಾವನ ತಟ್ಟೆ ಜಗಲಿಯ ಮೇಲೆ, ಅತ್ತೆಯ ತಟ್ಟೆ ಒಳಗೆ. ಬೈಗುಳಕ್ಕೆ ಅಂಜದ ಮನುಷ್ಯ ಇದಕ್ಕೆ ಮಾತ್ರ ಕುಗ್ಗಿಹೋದರು. ಹೆಂಡತಿಯ ಪಕ್ಕದ ಜಾಗ ಮತ್ತೆ ಬೇಕು, ಸೊರ್ರನ್ನೂ ಬಿಡಲಾರರು! ಹೇಗೆ ಸಾಧ್ಯ ಸ್ವಾಮಿ?

ಒಮ್ಮೆ ನನ್ನೆದುರೇ ಅತ್ತೆಗೆ ಮೇಲ್ಮನವಿ ಸಲ್ಲಿಸಿದರು. ಅವರದು ರೇಷ್ಮೆ ಬೆಳೆ. "ಹುಳುಮನೆಗೆ ಬಂದು ಕೇಳೇ. ಹುಳ ಸೊಪ್ಪು ತಿನ್ನೋವಾಗ ಸರಸರ ಸದ್ದಿದ್ರೆ ಜೀವ ಚೆನ್ನಾಗೈತೆ ಅಂತ. ಸದ್ದು ನಿಂತ್ರೆ? ಜ್ವರಕ್ಕೆ ಕುಂತದೆ ಅಂತ!" ರೇಷ್ಮೆ ಹುಳ ಪೊರೆ ಬಿಡುವಾಗ ಮೇವು ನಿಲ್ಲಿಸಿ ಸದ್ದಿಲ್ಲದೆ ಮಲಗುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರ ಎದ್ದಿತೋ, ಹುಳುಮನೆಯಲ್ಲಿ ಮತ್ತೆ ಮಳೆ ಬಂದ ಸದ್ದು.

"ಹಂಗಾದ್ರೆ ನೀವೂ ಹೋಗಿ ಸೊಪ್ಪೇ ತಿನ್ನಿ" ಎಂದರು ಅತ್ತೆ. ಮನವಿ ವಜಾ!

ಕ್ರಮೇಣ ಅತ್ತೆ ಬೈಯುವುದನ್ನೂ ಬಿಟ್ಟರು. ಜಗಲಿಯಿಂದ ಮಾವ ಎಷ್ಟೇ ಸೊರ್ರೆನಿಸಿದರೂ ಒಳಗಿನಿಂದ ಉತ್ತರವಿಲ್ಲ. ಕೂಗಿದರೆ ಓ ಎನ್ನರು. ಟೀವಿಯ ಸದ್ದಂತೂ ಆ ಬೀದಿಯಲ್ಲಿ ಇನ್ಯಾರೂ ಟೀವಿ ಕೊಳ್ಳುವ ಅಗತ್ಯವಿಲ್ಲ ಎನ್ನುವಷ್ಟು! "ನನ್ ಮ್ಯಾಲಿನ ಕ್ವಾಪ ಕಣ್ಲಾ" ಎಂದು ಮಾವ ನಿಟ್ಟುಸಿರಿಟ್ಟರು. ನಾನು ನಕ್ಕೆ.

ನನಗೆ ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಅಲ್ಲೊಂದು ಪುಟ್ಟ ಜಪಾನಿ ಹೋಟೆಲಿದೆ. ಜಪಾನಿ ಎಂದರೆ ಗಾಬರಿಯಾಗಬೇಡಿ: ಅಡಿಗೆಯವರು ಮಾಗಡಿಯವರು, ಬಡಿಸುವ ಹೆಂಗಸು ಕನಕಪುರದವರು. ಜಪಾನಿನದೆಂದು ಇದ್ದದ್ದು ಕೆಲವು ಗಿರಾಕಿಗಳು, ಮತ್ತೆ ಬಾಗಿಲಲ್ಲಿ ಒಂದೇ ಸಮ ಕೈಯಾಡಿಸುವ ಪಿಂಗಾಣಿ ಬೆಕ್ಕು. ಮಾವನ ಮನಸ್ಸು ಹಗುರಾಗಲೆಂದು ಒಂದು ಭಾನುವಾರ ಅಲ್ಲಿಗೆ ಕರೆದೊಯ್ದೆ. ಬೆಕ್ಕನ್ನು ಕಂಡವರೇ, "ಬಂದೆ ತಡಿಯವ್ವ, ಚಪ್ಪಲಿ ಬುಟ್ಬುಟ್ಟು ಬತ್ತೀನಿ" ಎಂದರು.

ಮೊದಲು ಬಂದದ್ದು ಅನ್ನದ ಉಂಡೆ, ಸುತ್ತ ಕರಿ ಹಾಳೆ. ಮಾವ ಹಾಳೆಯನ್ನು ಜೋಪಾನವಾಗಿ ಬಿಚ್ಚಿ, ಮಡಚಿ, ಪಕ್ಕಕ್ಕಿಟ್ಟು, ಉಂಡೆಯನ್ನು ಮುದ್ದೆಯ ಹಾಗೆ ಅಗಿಯದೆ ನುಂಗಿದರು.

"ಅದು ಕಾಗದವಲ್ಲ ಮಾವ, ಸಮುದ್ರದ ಪಾಚಿ. ಅದನ್ನೂ ತಿನ್ನಬೇಕು."

"ಪಾಚಿ ತಿನ್ನೋ ಜನ ನನ್ ಸದ್ದಿಗೆ ಏನಂದಾರ್ಲಾ?" ಎಂದರು ಆಸೆಯಿಂದ.

ಆಮೇಲೆ ದೊಡ್ಡ ಬಟ್ಟಲಲ್ಲಿ ರಾಮೆನ್ ಬಂತು. "ಕೋಳಿ ಸಾರಿಗೆ ಶಾವಿಗೆ ಬುಟ್ಟವ್ರೆ!" ಎಂದು ಬೆರಗಾದ ಮಾವ, ಪರಸ್ಥಳವೆಂಬ ಸಂಕೋಚದಿಂದ ತುಟಿ ಬಿಗಿಹಿಡಿದು ಬಟ್ಟಲೆತ್ತಿದರು. ಅಷ್ಟರಲ್ಲಿ ಇಡೀ ಹೋಟೆಲು ನಡುಗುವಂತೆ 'ಸೊರ್ರ್ರ್ರ್!'

ನಾನು ಮಾವನ ಕಡೆ ಕಣ್ಣು ಬಿಟ್ಟೆ.

"ನಾನಲ್ಲ ಕಣ್ಲಾ!" ಎಂದರು ಗಾಬರಿಯಿಂದ.

ಪಕ್ಕದ ಮೇಜಿನ ಜಪಾನಿ ಎಂಜಿನಿಯರು! ಟೈ ಕಟ್ಟಿದ ಹಿರಿಯರು. ಕನಕಪುರದಾಕೆ ವಿವರಿಸಿದರು: "ಅವ್ರಲ್ಲಿ ಶಾವಿಗೇನ ಸದ್ದು ಮಾಡ್ಕಂಡು ಉಂಡ್ರೆ ತಪ್ಪಲ್ಲ ಯಜಮಾನ್ರೇ. ಅಡಿಗೆ ಚೆನ್ನಾಗೈತೆ ಅಂತ ಅರ್ಥ."

ಮಾವನ ಮುಖ ನೋಡಬೇಕಿತ್ತು! ಅವರು ಉತ್ತರ ಕೊಟ್ಟರು. ಎಂಜಿನಿಯರು ಪ್ರತ್ಯುತ್ತರ ಕೊಟ್ಟರು. ಜುಗಲ್‌ಬಂದಿ ಮುಗಿದಾಗ ಮಾಗಡಿಯ ಅಡಿಗೆಯವರು ಹೊರಗೆ ಬಂದು ಕೈಮುಗಿದರು, ಎಂಜಿನಿಯರು ಎದ್ದು ಸೊಂಟ ಬಗ್ಗಿಸಿದರು. "ನಿಮ್ಮತ್ತೇನ ಇಲ್ಲಿಗೆ ಕರ್ಕಂಬರ್ಬೇಕು. ನನ್ ಮಾತು ಬ್ಯಾಡ, ಜಪಾನ್‌ನೋರ ಮಾತು ಕೇಳ್ಲಿ!" ಎಂದರು ಮಾವ.

ಮುಂದಿನ ಭಾನುವಾರ ಅತ್ತೆಯನ್ನು ಕರೆತಂದೆವು. ಮಾವನಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೇಸು ಗೆದ್ದೇ ಗೆಲ್ಲುವ ಕಳೆ. ಕನಕಪುರದಾಕೆ ಮೊದಲೇ ಮಾತಾಡಿಕೊಂಡಂತೆ ತಮ್ಮ ಸಾಕ್ಷ್ಯ ಒಪ್ಪಿಸಿದರು. ಅತ್ತೆ ನಗುತ್ತಾ ತಲೆಯಾಡಿಸಿದರು. ಎಷ್ಟೋ ದಿನದ ಮೇಲೆ ಗಂಡನ ಪಕ್ಕದಲ್ಲೇ ಊಟಕ್ಕೆ ಕೂತರು. ಹಿಂದೆ ರಾಮನಗರದಲ್ಲಿ ಬಿಸಿನೀರಲ್ಲಿ ಬೆಂದ ರೇಷ್ಮೆ ಗೂಡಿನಿಂದ ನೂಲು ಬಿಚ್ಚಿದ ಬೆರಳಲ್ಲವೇ? ಬಿಸಿ ಸಾರಿನಿಂದ ಶಾವಿಗೆಯ ತುದಿಯನ್ನು ಎರಡು ಕಡ್ಡಿಯಲ್ಲಿ ಸಲೀಸಾಗಿ ಎತ್ತಿದರು.

ಮಾವ ಬಟ್ಟಲೆತ್ತಿ ಒಂದು ಸಣ್ಣ ಸೊರ್ರು ಬಿಟ್ಟರು. ಅತ್ತೆ ಇನ್ನೊಂದೆಳೆ ಶಾವಿಗೆ ಎತ್ತಿದರು.

"ಗೆದ್ರಿ ಮಾವ!" ಎಂದೆ ನಾನು.

ಮಾವ ಗೆದ್ದವರಂತೆ ಕಾಣಲಿಲ್ಲ. ಅತ್ತೆಯ ಮುಖವನ್ನೇ ನೋಡುತ್ತಾ ಇನ್ನೊಮ್ಮೆ, ಶಕ್ತಿಯೆಲ್ಲ ಸೇರಿಸಿ ಎಳೆದರು. ಹೋಟೆಲಿನವರೆಲ್ಲ ತಿರುಗಿ ನೋಡಿದರು. ಪಕ್ಕದಲ್ಲೇ ಕೂತ ಅತ್ತೆ ಮಾತ್ರ ತಲೆಯೆತ್ತಲಿಲ್ಲ. "ಉಪ್ಪು ಒಸಿ ಕಮ್ಮಿ" ಎಂದರು ತಮ್ಮಷ್ಟಕ್ಕೆ.

ಮಾವ ಬಟ್ಟಲು ಕೆಳಗಿಟ್ಟರು. "ಬೈಯೇ" ಎಂದರು ಮೆಲ್ಲಗೆ. "ಒಂದ್ಸಲ ಬೈಯೇ."

"ಏನು, ಬಿಸಿನಾ? ಊದ್ಕಂಡು ಕುಡೀರಿ" ಎಂದು ಅತ್ತೆ ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡು ಊದತೊಡಗಿದರು.

"ಕ್ವಾಪ ಅಂದ್ಕಂಡಿದ್ನಲ್ಲೋ" ಎಂದರು ಮಾವ. "ಇವಳು ಜ್ವರಕ್ಕೆ ಕುಂತವಳೆ ಕಣ್ಲಾ. ನಾನು ಜಗಲಿ ಮ್ಯಾಲೆ ಕುಂತು ನೋಡ್ಲೇ ಇಲ್ವಲ್ಲ." ಟೀವಿಯ ಸದ್ದಿಗೆ ನಕ್ಕಿದ್ದ ನನಗೆ ನಾಚಿಕೆಯಾಯಿತು.

ರಾಮನಗರದ ಕಿವಿ ಡಾಕ್ಟರು ಪರೀಕ್ಷೆ ಮಾಡಿ ಅತ್ತೆಯ ಕಿವಿಗೆ ಒಂದು ಪುಟ್ಟ ಮಿಷನ್ ಕೊಟ್ಟರು. ಅದನ್ನು ಹಾಕಿಸಿಕೊಂಡು ಬಂದ ದಿನ ಮನೆಯಲ್ಲಿ ಮುದ್ದೆ, ಕೋಳಿ ಸಾರು. ಮಾವ ಜಗಲಿಗೆ ಹೋಗಲಿಲ್ಲ. ಅತ್ತೆಯ ಪಕ್ಕದಲ್ಲೇ ಕೂತು, ಬಟ್ಟಲೆತ್ತಿ, ಕಣ್ಣು ಮುಚ್ಚಿ ಎಳೆದರು.

"ಥೂ! ಸದ್ದು ಮಾಡ್ಬ್ಯಾಡಿ ಅಂದ್ನಲ್ಲ! ಎದ್ದೋಗಿ ಜಗಲಿಗೆ!"

ಮಾವ ತಟ್ಟೆ ಎತ್ತಿಕೊಂಡರು. ಹೊಸ್ತಿಲು ದಾಟುವಾಗ ನನ್ನ ಭುಜ ಹಿಡಿದುಕೊಂಡರು. ಕಣ್ಣಲ್ಲಿ ಧಾರಾಕಾರ ನೀರು.

"ಜ್ವರ ಎದ್ಲು ಕಣ್ಲಾ!"