ರೇಂಜ್ ಇರುವ ಬೈಕು

"ಸುಖ ಬೇಡ ನನಗೆ! ರೇಂಜ್ ಬೇಕು, ರೇಂಜ್! ಎಷ್ಟು ಸಲ ಹೇಳ್ಬೇಕು ನಿಮಗೆ?"

ಶೀಲಾವತಿ ಎಸೆದ ಸೌಟು ಗಂಜಿಯ ಪಾತ್ರೆಗೆ ಬಿತ್ತು. ಗಂಜಿ ಹಾರಿ ಜತ್ತಪ್ಪನ ಅಂಗಿಗೆ ಬಿತ್ತು. ಅವನು ಮಾಡಿದ ತಪ್ಪು ಇಷ್ಟೆ: "ಅಗಲ ಸೀಟಿನ ಬೈಕು ತಕೊಂಡ್ರೆ ನಿನ್ನ ಸೊಂಟಕ್ಕೆ ಸುಖ" ಎಂದಿದ್ದ.

ಮಳೆ ಬಿಟ್ಟಾಗಿನಿಂದ ಆ ಮನೆಯಲ್ಲಿ ಅವನಿಗೆ ಬೇರೆ ಮಾತೇ ಇರಲಿಲ್ಲ. ಜತ್ತಪ್ಪ ಅಡಿಕೆಗೆ ಮದ್ದು ಬಿಡುವ ಪಂಪು ರಿಪೇರಿ ಮಾಡುವವನು. ಕೋಡಿಂಬಾಳದಿಂದ ಆಲಂಕಾರಿನವರೆಗೆ ಯಾರ ಮನೆಯ ಪಂಪು ಕೆಮ್ಮಿದರೂ ಅವನು ಹೋಗಬೇಕು. ಅವನ ಹಳೆಯ ಬೈಕೋ, ಏರು ಕಂಡರೆ ಮುದಿ ಎಮ್ಮೆಯ ಹಾಗೆ ಮಲಗುತ್ತಿತ್ತು. ಪುತ್ತೂರಿನ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಮುನ್ನೂರೈವತ್ತು ಸಿಸಿಯ ಎರಡು ಬೈಕುಗಳನ್ನು ನೋಡಿ ಇಟ್ಟಿದ್ದ. ಒಂದರ ಸೀಟು ಮದುವೆ ಹಾಲ್‌ನ ಸೋಫಾದಂತೆ. ಆದರೆ ಟ್ಯಾಂಕು ಸಣ್ಣದು, ಕುಡಿಯುವುದು ಜಾಸ್ತಿ. ಇನ್ನೊಂದರ ಟ್ಯಾಂಕು ಗುಡಾಣದಂತೆ. ಒಮ್ಮೆ ತುಂಬಿಸಿದರೆ ಐನೂರು ಕಿಲೋಮೀಟರಿನ ರೇಂಜ್. ಸೀಟು ಮಾತ್ರ ತುರಿಮಣೆ. ಸುಖವೋ ರೇಂಜೋ, ರೇಂಜೋ ಸುಖವೋ ಎಂದು ಅವನು ನಿದ್ದೆಯಲ್ಲೂ ಗೊಣಗುತ್ತಿದ್ದ.

"ಕಳೆದ ಆಟಿ ತಿಂಗಳ ಮಳೆಯಲ್ಲಿ ಅಮ್ಮನ ಮುಖ ಕೊನೆಗೊಮ್ಮೆ ನೋಡ್ಲಿಕ್ಕೆ ಸಿಕ್ಕಿತಾ ನನಗೆ?" ಶೀಲಾವತಿಯ ಸ್ವರ ಒಡೆಯಿತು. "ಎಂತಕ್ಕೆ ಸಿಕ್ಕಲಿಲ್ಲ? ರೇಂಜ್ ಇಲ್ಲದ್ದಕ್ಕೆ! ಈಗ ಮಡಿಕೇರಿಯಲ್ಲಿ ಮಗಳು ಭವಿತಾ ತುಂಬು ಬಸುರಿ. ಅವಳಿಗೂ ಹಾಗೇ ಆದ್ರೆ? ಈಪ್ಪಚ್ಚನ ಗುಡ್ಡ ಹತ್ತಿ ಹತ್ತಿ ನನ್ನ ಮೊಣಕಾಲೂ ಹೋಯ್ತು."

ಗುಡ್ಡ ಹತ್ತುವುದು ಈಪ್ಪಚ್ಚನ ಹೆಂಡತಿ ಅಮ್ಮಿಣಿಯ ಹತ್ತಿರ ಪಟ್ಟಾಂಗ ಹೊಡೆಯಲಿಕ್ಕೆ ಎಂದೇ ಜತ್ತಪ್ಪ ತಿಳಿದುಕೊಂಡಿದ್ದ. ಆದರೆ ಅತ್ತೆಯ ಸಾವಿನ ಮಾತು ಅವನ ಎದೆಗೆ ಚುಚ್ಚಿತು. ಆ ದಿನ ಪಂಜ ದಾಟಿದ ಏರಿನಲ್ಲಿ, ಸುರಿಯುವ ಮಳೆಯಲ್ಲಿ, ಬೈಕಿನ ಪೆಟ್ರೋಲು ಮುಗಿದಿತ್ತು. ಅವರು ಜಾಲ್ಸೂರಿಗೆ ಮುಟ್ಟುವಾಗ ಚಿತೆಗೆ ಬೆಂಕಿ ಕೊಟ್ಟಾಗಿತ್ತು.

"ರೇಂಜ್ ಬಂದ ದಿನ ಬಂದು ಕರೀರಿ. ಅಲ್ಲಿವರೆಗೆ ನಾನು ಅಮ್ಮನ ಮನೆಯಲ್ಲಿ ಇರ್ತೇನೆ." ಶೀಲಾವತಿ ಚೀಲ ಹಿಡಿದು ಬಸ್ಸಿಗೆ ಹೋದಳು.

ಜಗಳದ ಸದ್ದು ಕೇಳಿದರೆ ಓಡಿ ಬರದಿದ್ದರೆ ಅದು ನೆರೆಕರೆಯೇ? ಗುಡ್ಡದ ಮೇಲಿನ ರಬ್ಬರ್ ತೋಟದ ಮಲಯಾಳಿ ಈಪ್ಪನ್, ಶೀಲಾವತಿಯ ಬಾಯಲ್ಲಿ ಈಪ್ಪಚ್ಚ, ಇಳಿದು ಬಂದ, ಕೆಳಗಿನ ಚನಿಯಪ್ಪ ಹತ್ತಿ ಬಂದ.

"ಸುಖ ನೋಡಿ ಗೌಡ್ರೇ," ಎಂದ ಈಪ್ಪನ್. "ಹೆಂಡತಿಯ ಸೊಂಟ ಒಂದೇ ಉಂಟು. ಪೆಟ್ರೋಲು ಪಂಪು ಬೇಕಾದಷ್ಟುಂಟು."

"ಅವಳು ರೇಂಜ್ ಅಂತ ಬಾಯಿ ಬಿಟ್ಟು ಹೇಳಿದ್ದಾಳೆ ಮಾರಾಯ್ರೆ!" ಎಂದ ಚನಿಯಪ್ಪ. "ಹೆಂಗಸರು ಬೇಕಾದ್ದನ್ನು ಸರಿಯಾಗಿ ಹೇಳುದೇ ಅಪರೂಪ. ಹೇಳಿದ ಮೇಲೂ ಕೊಡದಿದ್ರೆ ನೀವು ಗಂಡಸಾ?"

ಜತ್ತಪ್ಪ ಕಿವುಡನಲ್ಲ. ಕೇಳಿಸಿಕೊಳ್ಳುವ ಅಭ್ಯಾಸ ಇರಲಿಲ್ಲ, ಅಷ್ಟೆ. ಆದರೆ ಈ ಮಾತು ಕೇಳಿಸಿತು. ಬೈಕು ಹೊರಡಿಸಿದ.

ಈಪ್ಪನ್ ಹಿಂದಿನಿಂದ ಕೂಗಿದ: "ಗೌಡ್ರೇ, ಇವತ್ತು ನಮಗೆ ಇಂಟರ್‌ನೆಟ್ಟಿನ ವಯರು ಎಳೀತಾರೆ. ನಿಮ್ಮ ಅಂಗಳದ ಮೇಲಿಂದಲೇ ಹೋಗುದು. ಅವರ ಹತ್ತಿರ ಇನ್ನೊಂದೇ ಕನೆಕ್ಷನ್ ಉಂಟಂತೆ, ನಿಮಗೆ ಬೇಕಾ?"

"ಇಲ್ಲಿ ಹೆಂಡತಿಯೇ ಕನೆಕ್ಷನ್ ಕಿತ್ತುಕೊಂಡು ಹೋಗಿದ್ದಾಳೆ ಚೇಟಾ! ನಿಮಗೆ ವಯರಿನ ಚಿಂತೆ! ಚನಿಯಪ್ಪನಿಗೆ ಕೊಡಿ."

ಪುತ್ತೂರಿನ ಅಂಗಡಿ ನಡೆಸುವವಳು ಮುಹ್ಸಿನಾ. ಬೈಕು ನೋಡಲಿಕ್ಕೆಂದೇ ಬಂದು ಸೀಟು ಸವೆಸಿ ಹೋಗುವ ಜತ್ತಪ್ಪನನ್ನು ಕಂಡು ಅವಳು ಕೈ ಮುಗಿದಳು.

"ಇವತ್ತೂ ಕೂತು ನೋಡಿ ಹೋಗುದಾ ಅಣ್ಣ?"

"ಇಲ್ಲ ಅಕ್ಕ, ತಕೊಳ್ಳುದೇ. ರೇಂಜಿನದ್ದು."

"ತುರಿಮಣೆಯಾ? ಹಿಂದೆ ಕೂತುಕೊಳ್ಳುವವರನ್ನು ಕೇಳಿದ್ರಾ?"

"ಅವಳೇ ಹೇಳಿದ್ದು. ಗಂಜಿ ಸಮೇತ ಹೇಳಿದ್ದು." ಜತ್ತಪ್ಪ ಅಂಗಿ ತೋರಿಸಿದ.

ಮುಹ್ಸಿನಾ ಒಂದು ಗಳಿಗೆ ಅವನ ಮುಖ ನೋಡಿ ಕೀ ಕೊಟ್ಟಳು. "ಕಾಗದ ಪತ್ರ ಎಲ್ಲ ನಾಳೆ ನೋಡುವ. ಮೊದಲು ಅವರನ್ನು ಕರ್ಕೊಂಡು ಬನ್ನಿ."

ಹಳೆಯ ಬೈಕನ್ನು ಅಲ್ಲೇ ಬಿಟ್ಟು, ಹೊಸದರ ಟ್ಯಾಂಕು ಕಂಠಮಟ್ಟ ತುಂಬಿಸಿ ಜತ್ತಪ್ಪ ಜಾಲ್ಸೂರಿಗೆ ಹೊರಟ. ಕಾವು ಪೇಟೆ ದಾಟುವಾಗಲೇ ಕುಂಡೆ ಇದೆಯೋ ಇಲ್ಲವೋ ಎಂದು ತಿಳಿಯದಂತಾಯಿತು. ಪೆಟ್ರೋಲಿನ ಮುಳ್ಳನ್ನು ನೋಡಿದ. ಅದು ಕದಲಿರಲೇ ಇಲ್ಲ. ಈ ಬೈಕು ಆ ದಿನ ಇದ್ದಿದ್ದರೆ ಎಂದುಕೊಂಡ. ಕಣ್ಣು ತುಂಬಿತು. ಗಾಳಿಗೆ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡ.

ಜಾಲ್ಸೂರಿನ ಮನೆಯ ಜಗಲಿಯಲ್ಲಿ ಶೀಲಾವತಿಯ ತಮ್ಮ ಜಯಪ್ರಕಾಶ್ ಕೂತಿದ್ದ. ಜತ್ತಪ್ಪ ಅಂಗಳದಿಂದಲೇ ಕೂಗಿದ: "ಶೀಲಾ, ರೇಂಜ್ ಬಂತು!"

ಶೀಲಾವತಿ ಒದ್ದೆ ಕೈಯಲ್ಲೇ ಓಡಿ ಬಂದಳು. "ಸತ್ಯವಾ? ಮನೆಯಲ್ಲಿ?"

"ಮನೆಯಲ್ಲಿ, ದಾರಿಯಲ್ಲಿ, ಮಡಿಕೇರಿವರೆಗೂ!"

"ಅಂತೂ ಭಾವನಿಗೆ ಬುದ್ಧಿ ಬಂತು," ಎಂದ ಜಯಪ್ರಕಾಶ್.

ಅಮ್ಮ ಹೋದ ಮೇಲೆ ಶೀಲಾವತಿ ನಕ್ಕದ್ದು ಅದೇ ಮೊದಲು. ದಾರಿಯಲ್ಲಿ ಹೊಂಡ ಬಂದಾಗಲೆಲ್ಲ "ಅಮ್ಮಾ" ಎನ್ನುತ್ತಿದ್ದಳು, ಮರುಗಳಿಗೆಗೆ "ಪರವಾಗಿಲ್ಲ" ಎನ್ನುತ್ತಿದ್ದಳು. ಪಂಜದ ಏರಿನಲ್ಲಿ ಅವನ ಹೆಗಲ ಮೇಲೆ ಕೈ ಇಟ್ಟಳು. ಜತ್ತಪ್ಪನಿಗೆ ಬೈಕು ನೆಲ ಬಿಟ್ಟು ಹೋದಂತೆ ಅನಿಸಿತು.

ಮನೆ ಮುಟ್ಟಿದ್ದೇ ಶೀಲಾವತಿ ಚೀಲದಿಂದ ಮೊಬೈಲು ತೆಗೆದಳು. ಜಗಲಿಯಲ್ಲಿ ಎತ್ತಿ ಹಿಡಿದಳು. ಅಡಿಗೆ ಕೋಣೆಗೆ ಹೋದಳು. ಸ್ಟೂಲು ಹತ್ತಿ ಮಾಡಿನ ಹಂಚಿಗೆ ತಾಗಿಸಿದಳು. ಆರತಿ ಎತ್ತಿದ ಹಾಗೆ ಮೊಬೈಲು ಎತ್ತಿಕೊಂಡು ಅಂಗಳಕ್ಕೆ ಒಂದು ಸುತ್ತು ಬಂದಳು.

"ಎಲ್ಲಿ ಉಂಟು ರೇಂಜ್? ಒಂದು ಕಡ್ಡಿ ಸಹ ಇಲ್ಲ."

"ಅದರಲ್ಲಿ ಎಂತ ಹುಡುಕ್ತಿ?" ಜತ್ತಪ್ಪ ಹೆಮ್ಮೆಯಿಂದ ಟ್ಯಾಂಕಿಗೆ ತಟ್ಟಿದ. "ಇದರಲ್ಲಿ ಉಂಟು ನೋಡು. ಐನೂರು ಕಿಲೋಮೀಟರು!"

ಶೀಲಾವತಿ ಟ್ಯಾಂಕನ್ನು ನೋಡಿದಳು. ಅವನನ್ನು ನೋಡಿದಳು. ಅವಳು ಬೈಯಲಿಲ್ಲ, ಅದೇ ಅವನಿಗೆ ಹೆದರಿಕೆಯಾದದ್ದು.

"ಆ ದಿನ ಜಯಪ್ರಕಾಶ ಬೆಳಿಗ್ಗೆಯಿಂದ ಫೋನ್ ಮಾಡ್ತಾ ಇದ್ದ," ಎಂದಳು ಮೆಲ್ಲಗೆ. "ಅಮ್ಮನಿಗೆ ಆಗ ಜೀವ ಇತ್ತು. ನನ್ನ ಹೆಸರು ಹೇಳ್ತಾ ಇದ್ರಂತೆ. ಇಲ್ಲಿ ರೇಂಜ್ ಇಲ್ಲ, ಫೋನ್ ತಾಗಲಿಲ್ಲ. ಕೊನೆಗೆ ಅವನು ಈಪ್ಪಚ್ಚನಿಗೆ ಮಾಡಿ, ಅವರು ಗುಡ್ಡ ಇಳಿದು ಬಂದು ನಮಗೆ ಹೇಳುವಾಗ ಎಲ್ಲ ಮುಗಿದಿತ್ತು. ನಿಮ್ಮ ಪೆಟ್ರೋಲು ಮುಗಿದದ್ದು ಆಮೇಲೆ."

ಜತ್ತಪ್ಪ ಮೇಲೆ ನೋಡಿದ. ಅಂಗಳದ ಮೇಲೆ ಇಂಟರ್‌ನೆಟ್ಟಿನ ಹೊಸ ಕರಿ ವಯರು ಈಪ್ಪನ್‌ನ ಮನೆಗೆ ಹೋಗಿತ್ತು. ಅದರ ಪಕ್ಕದಲ್ಲಿ ಇನ್ನೊಂದು, ಕೆಳಗೆ ಚನಿಯಪ್ಪನ ಮನೆಗೆ.

ಶೀಲಾವತಿ ಚೀಲ ತೆಗೆದುಕೊಂಡು ಗುಡ್ಡ ಹತ್ತತೊಡಗಿದಳು. ಅರ್ಧ ಏರಿನಲ್ಲಿ ಅವಳ ಮೊಬೈಲು ಟಿಣ್ ಎಂದಿತು. ಮತ್ತೆ ಟಿಣ್. ಆಮೇಲೆ ದೇವಸ್ಥಾನದ ಗಂಟೆಯ ಹಾಗೆ ನಿಲ್ಲದೆ ಹೊಡೆಯಿತು.

"ಭವಿತಾ! ಆಸ್ಪತ್ರೆಗೆ ಹೋಗಿಯಾಗಿದೆ! ಎಷ್ಟು ಸಲ ಕರೆದಿದ್ದಾಳೆ ನನ್ನ ಮಗು!" ಎಂದು ಅವಳು ಕೂಗಿದ್ದು ಕೆಳಗೆ ಕೇಳಿಸಿತು.

"ನಿಲ್ಲು ಶೀಲಾ! ಬೈಕಿನಲ್ಲಿ ಹೋಗುವ! ಮಡಿಕೇರಿಗೆ ಹೋಗಿ ಬರುವಷ್ಟು ಟ್ಯಾಂಕಿನಲ್ಲಿ ಉಂಟು!"

ಅವಳು ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮೇಲೆ ಈಪ್ಪನ್‌ನ ಜೀಪು ಹೊರಟ ಸದ್ದು ಕೇಳಿತು. ಜತ್ತಪ್ಪ ಅದರ ಹಿಂದೆ ಹೋಗಬಹುದಿತ್ತು. ಪೆಟ್ರೋಲು ಇತ್ತು. ಮುಖ ಇರಲಿಲ್ಲ.

ಮರುದಿನ ಬೆಳಿಗ್ಗೆ ಬೇಲಿಯಾಚೆಯಿಂದ ಚನಿಯಪ್ಪ ಕೂಗಿದ. "ಗೌಡ್ರೇ, ಈಗ ಶೀಲಕ್ಕನ ಫೋನ್ ಬಂತು. ಹೆಣ್ಣು ಮಗುವಂತೆ. ಇಬ್ಬರೂ ಸೌಖ್ಯ. ವಯರು ಹಾಕಿಸಿದ್ದು ಎಷ್ಟು ಒಳ್ಳೇದಾಯ್ತು ನೋಡಿ, ಮನೆಯೊಳಗೇ ಫೋನ್ ತಾಗ್ತದೆ, ಸ್ವರ ಗಂಟೆಯ ಹಾಗೆ ಕೇಳ್ತದೆ."

ಜತ್ತಪ್ಪ ಬೈಕಿನ ಹಿಂದಿನ ಸೀಟಿನ ಮೇಲೆ ಕೂತಿದ್ದ. ಅದು ಎಷ್ಟು ಗಟ್ಟಿ ಎಂದು ಅವನಿಗೆ ಆಗಲೇ ಗೊತ್ತಾದದ್ದು.

"ಯಾವಾಗ ಬರ್ತಾಳಂತೆ?"

ಚನಿಯಪ್ಪ ಬೇಲಿಯ ಗೂಟವನ್ನೊಮ್ಮೆ ಅಲುಗಾಡಿಸಿ ನೋಡಿದ.

"ಅದು ಹೇಳ್ಲಿಲ್ಲ ಮಾರಾಯ್ರೆ."