ತಗ್ಗು ತೊಲೆಯ ಸಾಕ್ಷಿ

ಹಳೆಯ ಕಟ್ಟಡಗಳ ಮೇಲೆ ನನಗೆ ಗೌರವವಿದೆ, ನಂಬಿಕೆಯಿಲ್ಲ. ಹೊಸ ಮನೆಗಳು ಬಾಯಿ ಮುಚ್ಚಿಕೊಂಡಿರುತ್ತವೆ. ಆಸ್ಟ್ರೇಲಿಯಾದ ಪರ್ತಿನಲ್ಲಿ, ಕ್ಯಾನಿಂಗ್ ವೇಲ್ ಬಡಾವಣೆಯ ನಮ್ಮ ಮನೆಯನ್ನೇ ನೋಡಿ, ಒಳಗೆ ಏನು ನಡೆದರೂ ಪಕ್ಕದವರಿಗೆ ತಿಳಿಯದು. ಹಳೆಯವು ಹಾಗಲ್ಲ, ನಾಲ್ಕು ಜನರೆದುರು ನಮ್ಮ ಬಂಡವಾಳ ಬಯಲು ಮಾಡಿಬಿಡುತ್ತವೆ.

ಮೈಸೂರಿನಿಂದ ಬಂದಿರುವ ನಮ್ಮ ಮಾವ ನಿವೃತ್ತ ಪಿಡಬ್ಲ್ಯೂಡಿ ಇಂಜಿನಿಯರು. ಬೀಚು, ಕಾಂಗರೂ ಯಾವುದೂ ಅವರಿಗೆ ಹಿಡಿಸಲಿಲ್ಲ. ಒಂದು ದಿನ ಪರ್ತಿನ ಬೆಟ್ಟದ ಕಡೆಯ ಹಳೇ ಪಬ್ಬೊಂದರ ಫೋಟೋ ತೋರಿಸಿ, "ಅಳಿಯಂದ್ರೆ, ಕಟ್ಟಡ ಅಂದ್ರೆ ಇದು! ನೋಡ್ಬೇಕಲ್ಲ" ಅಂದರು. 'ನಮ್ಮ ಹುಡುಗ ಅಂಥ ಕಡೆ ಕಾಲೇ ಇಡೋದಿಲ್ಲ' ಎಂದು ಮದುವೆಗೆ ಮುಂಚೆ ನಮ್ಮಮ್ಮ ಅವರಿಗೆ ಮಾತು ಕೊಟ್ಟಿದ್ದರು. ಆ ಮಾತನ್ನು ನಾನೂ ಕಾಪಾಡಿಕೊಂಡು ಬಂದಿದ್ದೆ, ಆಫೀಸಿನವರ ಜೊತೆಗಿನ ಶುಕ್ರವಾರದ ಸಂಜೆಗಳನ್ನು ಬಿಟ್ಟು. ಅದೂ ಇದೇ ಪಬ್ಬಿನಲ್ಲಿ. "ನಾನೂ ನೋಡಿಲ್ಲ ಮಾವ, ಹೋಗೋಣ" ಎಂದೆ.

ಯಾರೋ ಇಂಗ್ಲಿಷ್ ಪುಣ್ಯಾತ್ಮ ತನ್ನ ಹಳ್ಳಿಯನ್ನು ನೆನೆನೆನೆದು ಕಟ್ಟಿಸಿದ್ದಂತೆ. ದಪ್ಪ ಕಲ್ಲುಗೋಡೆ, ಪುಟ್ಟ ಕಿಟಕಿ, ಹೊಗೆಗೆ ಕಪ್ಪಾದ ಮರದ ತೊಲೆಗಳು. ಬಾಗಿಲು ದಾಟಿದ ಕೂಡಲೇ ಹಣೆಮಟ್ಟಕ್ಕೆ ಒಂದು ತೊಲೆ. ಬಿಸಿಲಿನಿಂದ ಬಂದವರಿಗೆ ಅದು ಕಾಣುವುದೇ ಇಲ್ಲ. ಮಾವ ಅಭ್ಯಾಸಬಲದಿಂದ ಪಬ್ಬಿನ ಹೊಸಿಲನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡು, ಒಳಗೆ ಹೆಜ್ಜೆಯಿಟ್ಟು ನೆಟ್ಟಗೆ ನಿಂತರು. ಠಪ್! "ಅಯ್ಯೋ ಅಪ್ಪಾ" ಎಂದು ನುಗ್ಗಿದ ನನ್ನ ಹೆಂಡತಿಗೂ ಠಪ್!

ಹಿಂದೆ ನಾನಿದ್ದೆ, ನನ್ನ ಹಿಂದೆ ಮಗಳು. ಮಾವನಿಗಿಂತ ಗೇಣುದ್ದ ಎತ್ತರ. "ಜೋಪಾನ, ಜೋಪಾನ" ಎನ್ನುತ್ತಲೇ ತಲೆ ಬಗ್ಗಿಸಿ ಒಳಬಂದೆ, ಕತ್ತಲಲ್ಲಿ ಅಡಗಿದ್ದ ಮೆಟ್ಟಿಲನ್ನು ಇಳಿದೆ, ಎರಡನೇ ತೊಲೆಗೂ ಬಗ್ಗಿದೆ, ಒಲೆಯ ಪಕ್ಕದ ಮೇಜಿಗೆ ಹೋಗಿ ಕುರ್ಚಿ ಎಳೆದೆ.

"ಡ್ಯಾಡ್, ಯು ಡಿಡಂಟ್ ಈವನ್ ಲುಕ್!" ಎಂದಳು ಮಗಳು, ಮೆಚ್ಚುಗೆಯಿಂದ.

ಹೆಂಡತಿಗೆ ಮೆಚ್ಚುಗೆಯಾಗಲಿಲ್ಲ. "ರೀ, ಮೊದಲನೇ ಸಲ ಬಂದೋರು ಹೀಗಾ ಬರೋದು?"

ಎಳೆದ ಕುರ್ಚಿಯನ್ನು ನಾನು ಮೆಲ್ಲಗೆ ಮತ್ತೆ ಮೇಜಿನ ಕೆಳಗೆ ತಳ್ಳಿದೆ. ಮಾವ ಹಣೆ ಉಜ್ಜಿಕೊಳ್ಳುತ್ತಾ, ತೊಲೆಯನ್ನು ಪ್ರೀತಿಯಿಂದ ತಡವುತ್ತಾ ಹೇಳಿದರು: "ನಮ್ಮ ಕಡೆ ಹಳೇ ಮನೆಗಳ ಬಾಗಿಲೂ ತಗ್ಗೇ ಅಳಿಯಂದ್ರೆ. ನೆಂಟರಿಗೆ ಹೊಡಿಯತ್ತೆ, ಮನೆಯೋರಿಗೆ ಹೊಡಿಯಲ್ಲ."

ಕ್ಯಾನಿಂಗ್ ವೇಲ್‌ನ ನಮ್ಮ ಮನೆಯ ಬಾಗಿಲುಗಳು ಬೇಕಾದಷ್ಟು ಎತ್ತರವಾಗಿವೆ. ಆದರೂ ಅಂದಿನಿಂದ ಅಲ್ಲಿಯೂ ನಾನು ತಲೆ ತಗ್ಗಿಸಿಕೊಂಡೇ ಓಡಾಡುತ್ತಿದ್ದೇನೆ.